ಅರಿಶಿನವನ್ನು ಒಳಗೆ ಬಿಟ್ಟುಕೊಳ್ಳದ ದೇಹ

(ಒಂದು ಭಾನುವಾರದ ವಿಜ್ಞಾನ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಧ್ವನಿಮುದ್ರಣ ಕೇಳಿಕೊಂಡು ಬರೆದಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ, ಕೊನೆಯ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಮೂರು ಗಾಜಿನ ಲೋಟಗಳಿವೆ. ಮುಂದೆ ಕೂತವರಿಗೆ ಕಾಣುತ್ತಿದೆ, ಹಿಂದಿನ ಸಾಲಿನವರಿಗೆ ನಾನೇ ಹೇಳುತ್ತಾ ಹೋಗುತ್ತೇನೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ, ಮೂರನೆಯದರಲ್ಲಿ ಸುಣ್ಣದ ತಿಳಿ. ಮೂರಕ್ಕೂ ಒಂದೊಂದು ಚಿಟಿಕೆ ಅರಿಶಿನ ಹಾಕುತ್ತಿದ್ದೇನೆ.

ನೀರಿನ ಲೋಟ ನೋಡಿ. ಕಲಕಿದರೆ ಹಳದಿ ಆಯಿತು ಅನ್ನಿಸುತ್ತದೆ. ಐದು ನಿಮಿಷ ಬಿಟ್ಟರೆ ಪುಡಿ ತಳಕ್ಕೆ ಇಳಿದು ಮೇಲಿನ ನೀರು ತೆಳು ಹಳದಿಯಲ್ಲಿ ನಿಲ್ಲುತ್ತದೆ. ಎಣ್ಣೆಯ ಲೋಟಕ್ಕೆ ಬಣ್ಣ ಒಳಗಿನಿಂದ ಬರುತ್ತಿದೆ. ಒಗ್ಗರಣೆಗೆ ಅರಿಶಿನ ಹಾಕಿದಾಗ ಎಣ್ಣೆ ಬಂಗಾರದ ಬಣ್ಣಕ್ಕೆ ತಿರುಗುತ್ತದಲ್ಲ, ಅದೇ. ಮೂರನೆಯದು ಕೆಂಪಾಯಿತು. ಆರತಿ ತಟ್ಟೆಗೆ ಓಕುಳಿ ಮಾಡಿದವರಿಗೆ ಇದು ಹೊಸದೇನಲ್ಲ. ಅರಿಶಿನದ ಕಲೆ ಬಿದ್ದ ಬಿಳಿ ಪಂಚೆಗೆ ಸೋಪು ಉಜ್ಜಿದಾಗ ಕಲೆ ಹೋಗುವ ಬದಲು ಕೆಂಪಗಾಗಿ ಮನೆಯಲ್ಲಿ ಬೈಸಿಕೊಂಡವರಿಗೂ ಹೊಸದಲ್ಲ.

ಈ ಲೋಟಗಳನ್ನು ಇಲ್ಲೇ ಬಿಡೋಣ. ಅರಿಶಿನದ ಸಾರವನ್ನು ದೇಹ ಯಾಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನ್ಯಾನೋ ಕಣಗಳಿಂದ ಅದನ್ನು ಹೇಗೆ ದಾಟಿಸುತ್ತಾರೆ ಅನ್ನುವ ಇವತ್ತಿನ ಮಾತೆಲ್ಲ ಈ ಮೂರರಲ್ಲೇ ಇದೆ.

ಅರಿಶಿನಕ್ಕೆ ಬಣ್ಣ ಕೊಡುವ ಮುಖ್ಯ ವಸ್ತು ಕರ್ಕ್ಯುಮಿನ್. 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೇ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಅದರ ರಚನೆ ತಿಳಿಯಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. 1910ರಲ್ಲಿ ಪೋಲೆಂಡ್ ಮೂಲದ ರಸಾಯನ ವಿಜ್ಞಾನಿಗಳು ಅದನ್ನು ಬಿಡಿಸಿದರು. ಸಣ್ಣ ಅಣುವೇ, ಅಣುತೂಕ 368. ಮಾಮೂಲಿ ಅರಿಶಿನ ಪುಡಿಯಲ್ಲಿ ಇದರ ಪಾಲು ನೂರಕ್ಕೆ ಸುಮಾರು ಮೂರು. ಇಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದ ಬೆಳೆಗಾರರು ಇದ್ದೀರಿ. ಖರೀದಿಗೆ ಬರುವವರು ಈಗ ಅರಿಶಿನ ಕೊಂಬಿನ ಉದ್ದ ನೋಡುವುದರ ಜೊತೆಗೆ "ಕರ್ಕ್ಯುಮಿನ್ ಎಷ್ಟು ಬರುತ್ತೆ?" ಎಂದೂ ಕೇಳುತ್ತಾರೆ. ಮೇಘಾಲಯದ ಲಕಡಾಂಗ್ ಅರಿಶಿನಕ್ಕೆ ಒಳ್ಳೆಯ ಬೆಲೆ ಸಿಗುವುದು ಅದರಲ್ಲಿ ಶೇ 7ರ ಆಸುಪಾಸು ಕರ್ಕ್ಯುಮಿನ್ ಇರುವ ಕಾರಣಕ್ಕೆ.

ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶ ಬೆಳೆಸಿ ಅದರ ಮೇಲೆ ಕರ್ಕ್ಯುಮಿನ್ ಹಾಕಿದರೆ ಉರಿಯೂತ ತಗ್ಗುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ, ಇನ್ನೂ ಏನೇನೋ ಆಗುತ್ತದೆ. ಅಂಥ ಪ್ರಬಂಧಗಳು ಸಾವಿರಗಟ್ಟಲೆ ಬಂದಿವೆ. ಹಾಗಿದ್ದ ಮೇಲೆ ಇಷ್ಟು ಹೊತ್ತಿಗೆ ಅದು ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಗೆ ಸಿಗುವ ಮಾತ್ರೆ ಆಗಿರಬೇಕಿತ್ತಲ್ಲ? ಆಗಿಲ್ಲ. ತಟ್ಟೆಯ ಮೇಲಿನ ಕೋಶಕ್ಕೂ ನಮ್ಮ ಬಾಯಿಗೂ ನಡುವೆ ಕರುಳು ಇದೆ, ಪಿತ್ತಜನಕಾಂಗ ಇದೆ. ತೊಡಕು ಅಲ್ಲಿದೆ.

1978ರಲ್ಲಿ ಸ್ವೀಡನ್ನಿನಲ್ಲಿ ವಾಲ್‌ಸ್ಟ್ರೋಮ್ ಮತ್ತು ಬ್ಲೆನ್ನೋ ಎಂಬ ಇಬ್ಬರು ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿ ಅದು ಎಲ್ಲಿ ಹೋಗುತ್ತದೆಂದು ಲೆಕ್ಕ ಇಟ್ಟರು. ದೇಹ ತೂಕದ ಪ್ರತಿ ಕಿಲೋಗೆ ಒಂದು ಗ್ರಾಂ, ಅಂದರೆ ಸಣ್ಣ ಪ್ರಮಾಣವೇನಲ್ಲ. ಅದರ ಸುಮಾರು ಮುಕ್ಕಾಲು ಪಾಲು ಹಿಕ್ಕೆಯಲ್ಲೇ ಹೊರಬಂತು. ರಕ್ತದಲ್ಲಿ ಸಿಕ್ಕಿದ್ದು ನಗಣ್ಯ. ಮುಂದೆ ಮನುಷ್ಯರಲ್ಲೂ ಅದೇ ಕಥೆ. ದಿನಕ್ಕೆ ಎಂಟು ಗ್ರಾಂವರೆಗೆ ಕೊಟ್ಟು ನೋಡಿದ್ದಾರೆ, ಹನ್ನೆರಡು ಗ್ರಾಂವರೆಗೂ ಹೋಗಿದ್ದಾರೆ. ರಕ್ತದಲ್ಲಿ ಕೆಲವರಿಗೆ ಚೂರುಪಾರು ಸಿಕ್ಕಿತು, ಬಹಳ ಜನಕ್ಕೆ ಸಿಗಲೇ ಇಲ್ಲ.

ಯಾಕೆ ಹೀಗೆ? ಲೋಟಗಳನ್ನು ನೋಡಿ.

ಮೊದಲ ಲೋಟ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಅನ್ನುವುದು ತೀರ ಮೆದು ಮಾತು. ಸ್ವಲ್ಪ ಆಮ್ಲೀಯವಾದ ನೀರಿನಲ್ಲಿ ಅಳೆದಾಗ ಒಂದು ಲೀಟರಿಗೆ ಸುಮಾರು 11 ಮೈಕ್ರೋಗ್ರಾಂ ಮಾತ್ರ ಕರಗಿತು. ಒಂದು ಚಮಚ, ಅಂದರೆ ಮೂರು ಗ್ರಾಂ ಅರಿಶಿನ ಪುಡಿಯಲ್ಲಿ ಸುಮಾರು 90 ಮಿಲಿಗ್ರಾಂ ಕರ್ಕ್ಯುಮಿನ್ ಇದೆ ಅಂದುಕೊಳ್ಳಿ. ಅಷ್ಟನ್ನು ಕರಗಿಸಲು ಎಂಟು ಸಾವಿರ ಲೀಟರ್ ನೀರು ಬೇಕು! ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಟ್ಯಾಂಕರ್ ಒಂದು ಸಾಲದು. ಕರುಳಿನ ಗೋಡೆ ದಾಟಬೇಕಾದರೆ ವಸ್ತು ಮೊದಲು ಕರಗಿ, ಅಣು ಅಣುವಾಗಿ ಬಿಡಿಯಾಗಬೇಕು. ಗೋಡೆಯ ಮುಂದೆ ಲೋಳೆಯ ಪದರ, ಅದರೊಳಗೆ ನೀರು. ಕರ್ಕ್ಯುಮಿನ್‌ಗೆ ಎಣ್ಣೆ ಬೇಕು. ಗೋಡೆಯೇನೋ ಕೊಬ್ಬಿನದೇ, ಅಲ್ಲಿ ಮುಟ್ಟಿದರೆ ಒಳಗೆ ನುಸುಳಬಲ್ಲದು. ಆದರೆ ಮುಟ್ಟಲು ನೀರು ದಾಟಬೇಕು. ಈಜು ಬಾರದವನಿಗೆ ಹೊಳೆಯಾಚೆ ಮನೆ ಇದ್ದ ಹಾಗೆ.

ಮೂರನೆಯ ಲೋಟ. ಕ್ಷಾರದಲ್ಲಿ ಕರ್ಕ್ಯುಮಿನ್ ಕರಗುತ್ತದೆ, ಅದಕ್ಕೇ ಇಷ್ಟು ಚೆಂದದ ಕೆಂಪು. ಆದರೆ ಕ್ಷಾರದಲ್ಲಿ ಅದು ಒಡೆದೂ ಹೋಗುತ್ತದೆ. ಸುಣ್ಣದಷ್ಟು ತೀಕ್ಷ್ಣ ಬೇಕಾಗಿಲ್ಲ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಮ್ಮ ದೇಹದ ಉಷ್ಣತೆಯಲ್ಲಿ, ಪಿಎಚ್ 7.2ರ, ಅಂದರೆ ಕೊಂಚವೇ ಕ್ಷಾರೀಯವಾದ ದ್ರಾವಣದಲ್ಲಿ, ಅರ್ಧ ಗಂಟೆಯಲ್ಲಿ ಶೇ 90ರಷ್ಟು ಕರ್ಕ್ಯುಮಿನ್ ಒಡೆದಿತ್ತು. ಪಿಎಚ್ 7.2 ಅಂದರೆ ಸಣ್ಣ ಕರುಳಿನ ಕೆಳಭಾಗದಲ್ಲಿ ಇರುವಂಥದೇ. ಕೊಬ್ಬು, ಪ್ರೋಟೀನುಗಳ ಜೊತೆ ಅಂಟಿಕೊಂಡಿದ್ದರೆ ಇಷ್ಟು ಬೇಗ ಒಡೆಯುವುದಿಲ್ಲ. ರಕ್ತದ ತಿಳಿ ಭಾಗವಾದ ಸೀರಂ ಬೆರೆಸಿದಾಗ ಅದು ಗಂಟೆಗಳ ಕಾಲ ಬಾಳಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕರಗದ್ದು, ಒಡೆಯುವುದು, ಎರಡಾಯಿತು. ಮೂರನೆಯ ಅಡ್ಡಿ ಯಾವ ಲೋಟದಲ್ಲೂ ಕಾಣುವುದಿಲ್ಲ. ಹೇಗೋ ಗೋಡೆಯೊಳಗೆ ಸೇರಿದ ಅಲ್ಪಸ್ವಲ್ಪ ಕರ್ಕ್ಯುಮಿನ್‌ಗೆ ಕರುಳಿನ ಕೋಶಗಳು ಮತ್ತು ಪಿತ್ತಜನಕಾಂಗ ಸೇರಿ ಗ್ಲುಕುರೊನಿಕ್ ಆಮ್ಲ ಅಥವಾ ಸಲ್ಫೇಟಿನ ಬಾಲ ಕಟ್ಟುತ್ತವೆ. ಬಾಲ ಕಟ್ಟಿಸಿಕೊಂಡ ಅಣು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಪಿತ್ತದಲ್ಲೋ ಮೂತ್ರದಲ್ಲೋ ಹೊರಗೆ ಹೋಗುತ್ತದೆ. ಇದು ದೇಹ ಕಸ ಸಾಗಿಸುವ ಮಾಮೂಲಿ ಪದ್ಧತಿ. ಪ್ಯಾರಸಿಟಮಾಲ್ ಹೋಗುವುದೂ ಮುಖ್ಯವಾಗಿ ಹೀಗೆಯೇ.

ನನ್ನ ವಿದ್ಯಾರ್ಥಿಗಳು ಉತ್ತರ ಪತ್ರಿಕೆಯಲ್ಲಿ "ಕರ್ಕ್ಯುಮಿನ್‌ನ ಹೀರಿಕೆ ಕಳಪೆ" ಎಂದು ಬರೆಯುತ್ತಾರೆ. ಪಠ್ಯದಲ್ಲೂ ಹಾಗೇ ಇದೆ, ಅಂಕವನ್ನೂ ಕೊಡುತ್ತೇನೆ. ನನಗೆ ಮಾತ್ರ ಆ ಪದ ಒಪ್ಪಿಗೆಯಿಲ್ಲ. ಕಳಪೆ ಅಂದರೆ ದೇಹ ಮಾಡಲು ಹೋಗಿ ಸೋತಿತು ಎಂದಾಯಿತು. ಇಲ್ಲಿ ದೇಹ ಸೋತಿಲ್ಲ. ಕರುಳು, ಪಿತ್ತಜನಕಾಂಗ ಎಂಬ ಎರಡು ಕಾವಲು ಇಟ್ಟು, ಪರಕೀಯ ಅಣುವೊಂದನ್ನು ಒಳಗೆ ಬಿಡಲು ಒಲ್ಲೆ ಎಂದಿದೆ. ನ್ಯಾನೋ ಕಣಗಳ, ಅಂದರೆ ತಲೆಗೂದಲ ದಪ್ಪಕ್ಕಿಂತ ನೂರಾರು ಪಟ್ಟು ಸಣ್ಣ ಕಣಗಳ, ಕೆಲಸ ಆ ಒಲ್ಲೆಯನ್ನು ಮೀರುವುದು. ಮೀರಬಹುದು, ಮೀರಿದ್ದೂ ಆಗಿದೆ. ಮೀರಿದ ಮೇಲೆ ಅದನ್ನು ಇನ್ನೂ ಸಾಂಬಾರು ಪದಾರ್ಥ ಎಂದು ಕರೆಯಬಹುದೇ ಅನ್ನುವುದು ನನ್ನ ತಕರಾರು.

ನ್ಯಾನೋಗಿಂತ ಮೊದಲು ನಮ್ಮ ಬೆಂಗಳೂರಿನಲ್ಲೇ ಆದ ಒಂದು ಪ್ರಯೋಗ ಹೇಳಬೇಕು. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶೋಬಾ ಮತ್ತು ಸಂಗಡಿಗರು ಪ್ರಕಟಿಸಿದ್ದು. ಇವತ್ತಿಗೂ ಜಗತ್ತಿನಲ್ಲಿ ಎಲ್ಲೇ ಅರಿಶಿನದ ಕ್ಯಾಪ್ಸೂಲ್ ಡಬ್ಬಿ ತೆಗೆದು ನೋಡಿ, "ಕರಿಮೆಣಸಿನ ಸಾರದೊಂದಿಗೆ" ಎಂದಿದ್ದರೆ ಅದರ ಬೇರು ಈ ಪ್ರಬಂಧದಲ್ಲಿದೆ. ಸ್ವಯಂಸೇವಕರಿಗೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಕಂಡೂ ಕಾಣದಷ್ಟು. ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಪೈಪರಿನ್ ಅಂದರೆ ಕಾಳುಮೆಣಸಿನ ಖಾರ, ಆ ಪ್ರಮಾಣ ಎಂಟು-ಹತ್ತು ಕಾಳಿನಲ್ಲಿ ಸಿಗುತ್ತದೆ. ರಕ್ತದಲ್ಲಿ ಕರ್ಕ್ಯುಮಿನ್‌ನ ಲಭ್ಯತೆ ಶೇ 2000ರಷ್ಟು ಏರಿತು!

ಪೈಪರಿನ್ ಹೇಗೆ ಕೆಲಸ ಮಾಡಿತು? ಕರ್ಕ್ಯುಮಿನ್ ಅನ್ನು ಅದು ಕರಗಿಸಲಿಲ್ಲ. ಬಾಲ ಕಟ್ಟುವ ಕಿಣ್ವಗಳನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಆ ಏರಿಕೆ ಕಂಡದ್ದು ಮೊದಲ ಒಂದು ಗಂಟೆಯೊಳಗೆ ಮಾತ್ರ. ಮತ್ತೆ ಆ ಶೇ 2000 ಯಾವುದರ ಮೇಲೆ? ಹೆಚ್ಚುಕಡಿಮೆ ಸೊನ್ನೆಯ ಮೇಲೆ. ಜೇಬಿನಲ್ಲಿ ಒಂದು ರೂಪಾಯಿ ಇದ್ದವನಿಗೆ ಇಪ್ಪತ್ತೊಂದು ರೂಪಾಯಿ ಆದರೆ ಅದೂ ಶೇ 2000 ಏರಿಕೆಯೇ, ಊಟಕ್ಕೆ ಮಾತ್ರ ಸಾಲದು. ಇದನ್ನು ಬರೆದವರ ತಪ್ಪು ಎನ್ನಬೇಡಿ. ಅವರು ಅಳೆದದ್ದನ್ನು ಅಳೆದ ಹಾಗೆ ಬರೆದರು. ಡಬ್ಬಿಯ ಮೇಲೆ ಅಚ್ಚು ಹಾಕಿದವರಿಗೆ ಆ ಅಂಕಿ ಒಂದೇ ಸಾಕಾಯಿತು.

ಇನ್ನೊಂದು ವಿಷಯ. ಪೈಪರಿನ್ ಕಾವಲುಗಾರನನ್ನು ಮಲಗಿಸಿದರೆ ಬಾಗಿಲು ಕರ್ಕ್ಯುಮಿನ್‌ಗೆ ಮಾತ್ರ ತೆರೆಯುವುದಿಲ್ಲ. ಮೂರ್ಛೆರೋಗದ ಫೆನಿಟೋಯಿನ್, ಬಿ.ಪಿ.ಯ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಇವೆಲ್ಲ ಪೈಪರಿನ್ ಜೊತೆ ರಕ್ತದಲ್ಲಿ ಹೆಚ್ಚು ಕಂಡಿವೆ. ಮೆಣಸಿನ ಸಾರಿಗೆ ಹೆದರಬೇಡಿ. ಆ ಮಾತ್ರೆಗಳನ್ನು ನುಂಗುವವರು ಪೈಪರಿನ್ ಇರುವ ಕ್ಯಾಪ್ಸೂಲ್ ಶುರು ಮಾಡುವ ಮೊದಲು ವೈದ್ಯರಿಗೆ ಹೇಳಿ, ಅಷ್ಟೇ.

ಈಗ ನ್ಯಾನೋಗೆ ಬರೋಣ.

ಬೆಲ್ಲದ ಅಚ್ಚನ್ನು ಹಾಗೇ ನೀರಿಗೆ ಹಾಕಿದರೆ ಕರಗಲು ಅರ್ಧ ಗಂಟೆ, ಕುಟ್ಟಿ ಹಾಕಿದರೆ ಎರಡು ನಿಮಿಷ. ನೀರು ಮುಟ್ಟುವ ಮೈ ಹೆಚ್ಚಾದಷ್ಟೂ ಕರಗುವ ವೇಗ ಹೆಚ್ಚು. ನೋಯೆಸ್ ಮತ್ತು ವಿಟ್ನಿ ಇದಕ್ಕೆ 1897ರಲ್ಲೇ ಸಮೀಕರಣ ಬರೆದಿಟ್ಟಿದ್ದಾರೆ. ನೂರು ಮೈಕ್ರಾನಿನ ಒಂದು ಕಣ, ತಲೆಗೂದಲಿಗಿಂತ ತುಸು ದಪ್ಪ, ಅದನ್ನು ನೂರು ನ್ಯಾನೋಮೀಟರಿನ, ಅಂದರೆ ಅಡ್ಡಳತೆಯಲ್ಲಿ ಸಾವಿರ ಪಟ್ಟು ಸಣ್ಣ, ಕಣಗಳಾಗಿ ಒಡೆಯಿರಿ. ನೂರು ಕೋಟಿ ಕಣಗಳಾಗುತ್ತವೆ. ತೂಕ ಅಷ್ಟೇ ಇರುತ್ತದೆ, ಹೊರಮೈ ಸಾವಿರ ಪಟ್ಟು ಆಗುತ್ತದೆ.

ಹೇಳಿದಷ್ಟು ಸುಲಭವಿಲ್ಲ. ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಒಮ್ಮೆಲೇ ಸುರಿದರೆ ಏನಾಗುತ್ತದೆ? ಗಂಟು. ಸಣ್ಣ ಕಣಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಚಪಲ ಹೆಚ್ಚು. ನೀರನ್ನು ಕಂಡರಾಗದ ಕರ್ಕ್ಯುಮಿನ್ ಕಣಗಳಿಗಂತೂ ಇನ್ನೂ ಹೆಚ್ಚು. ನಾನು ಮೊದಲ ಸಲ ಮಾಡಿದಾಗ ಶನಿವಾರ ಸಂಜೆ ಕಣದ ಗಾತ್ರ 180 ನ್ಯಾನೋಮೀಟರ್ ತೋರಿಸಿತು. ಯಂತ್ರದ ಪರದೆಯ ಫೋಟೋ ತೆಗೆದು ನಮ್ಮ ಗೈಡ್‌ಗೆ ಕಳಿಸಿದೆ, ಅವರು "ಸೋಮವಾರ ನೋಡೋಣ" ಎಂದಷ್ಟೇ ಉತ್ತರಿಸಿದರು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಸೀಸೆಯ ತಳದಲ್ಲಿ ಹಳದಿ ಗಸಿ. ಆ ಫೋಟೋ ಇನ್ನೂ ನನ್ನ ಬಳಿ ಇದೆ.

ಹಾಗಾಗಿ ಕಣದ ಜೊತೆ ಅದನ್ನು ಬಿಡಿಬಿಡಿಯಾಗಿ ಹಿಡಿದಿಡುವ ಹೊದಿಕೆ ಬೇಕು. ನ್ಯಾನೋ ಔಷಧದ ಜಾಣ್ಮೆಯೆಲ್ಲ ಇರುವುದು ಈ ಹೊದಿಕೆಯಲ್ಲಿ.

ಜಪಾನಿನವರು ಬಳಸಿದ ಹೊದಿಕೆ ನಮಗೆ ಹತ್ತಿರದ್ದು. "ಗಮ್ ಘಟ್ಟಿ" ಎಂದು ವ್ಯಾಪಾರದಲ್ಲಿ ಕರೆಯುತ್ತಾರೆ, ನಮ್ಮ ಕಾಡಿನ ದಿಂಡುಗದ ಮರದ ಅಂಟು. ಆ ಅಂಟಿನ ನೀರಿನಲ್ಲಿ ಕರ್ಕ್ಯುಮಿನ್ ಅನ್ನು ಅರೆದು ಅರೆದು ಸುಮಾರು 190 ನ್ಯಾನೋಮೀಟರಿಗೆ ಇಳಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮನುಷ್ಯರಲ್ಲಿ ಇದು ಬರೀ ಪುಡಿಗಿಂತ 27 ಪಟ್ಟು ಹೆಚ್ಚು ರಕ್ತಕ್ಕೆ ಸೇರಿತು, ಕೊಟ್ಟದ್ದು 30 ಮಿಲಿಗ್ರಾಂ ಮಾತ್ರ. ಥೆರಾಕರ್ಮಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿರುವುದು ಇದೇ.

ಮೊಹಾಲಿಯಲ್ಲಿರುವ ಔಷಧ ಸಂಶೋಧನೆಯ ನೈಪರ್ ಸಂಸ್ಥೆಯವರ ದಾರಿ ಬೇರೆ. ಅವರು ಪಿಎಲ್‌ಜಿಎ ಎಂಬ ಪಾಲಿಮರ್ ಬಳಸಿದರು. ಹೆಸರು ವಿಚಿತ್ರವಾಗಿದ್ದರೂ ನಿಮ್ಮಲ್ಲಿ ಕೆಲವರ ಮೈಯೊಳಗೆ ಈ ಜಾತಿಯ ವಸ್ತು ಇದ್ದು ಹೋಗಿದೆ. ಆಪರೇಷನ್ ಆದಾಗ ಒಳಗೇ ಕರಗಿ ಹೋಗುವ ಹೊಲಿಗೆ ಹಾಕುತ್ತಾರಲ್ಲ, ಆ ದಾರಕ್ಕೂ ಇದಕ್ಕೂ ಒಂದೇ ಕುಲ. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳ ಸರಪಳಿ, ದೇಹದಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಕರ್ಕ್ಯುಮಿನ್ ಮತ್ತು ಪಾಲಿಮರ್ ಎರಡನ್ನೂ ಸಾವಯವ ದ್ರಾವಕದಲ್ಲಿ ಕರಗಿಸಿ, ನೀರಿನೊಳಗೆ ರಭಸದಿಂದ ಕಡೆದು, ದ್ರಾವಕವನ್ನು ಆವಿಯಾಗಿಸಿದರೆ ಹನಿಗಳು ಗಟ್ಟಿಯಾಗಿ ಕಣವಾಗುತ್ತವೆ. ಎರಡನ್ನು ಬೆರೆಸಿದ ಕ್ಷಣ ತಿಳಿ ದ್ರವ ಬೆಳ್ಳಗಾಗುವುದನ್ನು ನೋಡಬೇಕಾದರೆ ಲ್ಯಾಬು ಬೇಡ, ಬಕೆಟ್ಟಿಗೆ ಡೆಟಾಲ್ ಹಾಕಿ ನೋಡಿ. ಅವರ ಕಣ ಸುಮಾರು 264 ನ್ಯಾನೋಮೀಟರ್. 2009ರ ಆ ಪ್ರಬಂಧದಲ್ಲಿ, ಇಲಿಗಳಲ್ಲಿ, ಹೋಲಿಕೆ ಮಾಡಿದ್ದು ಬರೀ ಪುಡಿಯ ಜೊತೆಗಲ್ಲ, ಪೈಪರಿನ್ ಬೆರೆಸಿದ ಕರ್ಕ್ಯುಮಿನ್ ಜೊತೆಗೆ. ಅದಕ್ಕಿಂತಲೂ ಒಂಬತ್ತು ಪಟ್ಟು ಹೆಚ್ಚು ಸಿಕ್ಕಿತು. ಎದುರಾಳಿಯನ್ನು ಬಲಶಾಲಿಯಾಗಿ ಆರಿಸಿಕೊಂಡ ಪ್ರಯೋಗ ನನಗೆ ಯಾವಾಗಲೂ ಇಷ್ಟ.

ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದವರದು ಮೂರನೆಯ ಬಗೆ. ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ ಅನ್ನುವ ಅಣುಗಳು ಸುತ್ತುಗಟ್ಟಿ ನಡುವೆ ಕರ್ಕ್ಯುಮಿನ್ ಹಿಡಿದುಕೊಳ್ಳುವ ಮಿಸೆಲ್. ಸೋಪು ಜಿಡ್ಡನ್ನು ಹಿಡಿಯುವುದೂ ಹೀಗೆಯೇ. 2014ರಲ್ಲಿ 23 ಜನರಿಗೆ 500 ಮಿಲಿಗ್ರಾಂ ಹೀಗೆ ಕೊಟ್ಟಾಗ ಬರೀ ಪುಡಿಗಿಂತ 185 ಪಟ್ಟು. ಹೆಂಗಸರಲ್ಲಿ ಗಂಡಸರಿಗಿಂತ ಎರಡು ಪಟ್ಟಿಗೂ ಹೆಚ್ಚು.

ಬಹಳ ಜನ ಅಂದುಕೊಳ್ಳುವುದು ಕಣವೇ ಕರುಳು ದಾಟಿ ರಕ್ತದಲ್ಲಿ ಈಜುತ್ತದೆ ಎಂದು. ಬಾಯಿಂದ ತೆಗೆದುಕೊಂಡಾಗ ಅದು ಅಪರೂಪ. ಕಣದ ಮುಖ್ಯ ಕೆಲಸ ದೋಣಿಯದು. ಕರ್ಕ್ಯುಮಿನ್ ಅನ್ನು ಲೋಳೆಯ ಹೊಳೆ ದಾಟಿಸಿ ಗೋಡೆಯ ಹತ್ತಿರ ಇಳಿಸುತ್ತದೆ, ದಾರಿಯಲ್ಲಿ ಒಡೆಯದಂತೆ ಒಳಗಿಟ್ಟು ಕಾಯುತ್ತದೆ. ಕೊಬ್ಬಿನ ಹೊದಿಕೆಯಾದರೆ ಇನ್ನೊಂದು ಲಾಭವಿದೆ. ಸ್ವಲ್ಪ ಪಾಲು ತುಪ್ಪ-ಎಣ್ಣೆಗಳು ಹೋಗುವ ದುಗ್ಧರಸದ ನಾಳ ಹಿಡಿಯುತ್ತದೆ. ಆ ದಾರಿ ಪಿತ್ತಜನಕಾಂಗವನ್ನು ಬಳಸಿಕೊಂಡು ಹೋಗಿ ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಸುಂಕದ ಕಟ್ಟೆ ತಪ್ಪಿಸುವ ಗಾಡಿ ದಾರಿ ಅನ್ನಿ.

ಈಗ ಲೆಕ್ಕಕ್ಕೆ ಕೂರೋಣ. 9, 27, 185. ಈ ಅಂಕಿಗಳನ್ನು ಸಾಲಾಗಿ ನಿಲ್ಲಿಸಿ 185 ಗೆದ್ದಿತು ಅನ್ನುವುದು ತಪ್ಪು. ಮೊದಲನೆಯದು ಇಲಿ, ಉಳಿದದ್ದು ಮನುಷ್ಯ. ಪ್ರಮಾಣ ಬೇರೆ, ಹೋಲಿಸಿದ್ದು ಬೇರೆ. ಪುಡಿಯ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಪಟ್ಟು ದೊಡ್ಡದಾಗುತ್ತದೆ. ಇದಕ್ಕಿಂತ ಮುಖ್ಯ ಇನ್ನೊಂದಿದೆ. ಈ ರೀತಿಯ ಅಳತೆಗಳಲ್ಲಿ ಸಾಮಾನ್ಯವಾಗಿ ರಕ್ತದ ಮಾದರಿಗೆ ಒಂದು ಕಿಣ್ವ ಹಾಕಿ, ಆ ಗ್ಲುಕುರೊನಿಕ್ ಬಾಲವನ್ನು ಕತ್ತರಿಸಿ, ಆಮೇಲೆ ಕರ್ಕ್ಯುಮಿನ್ ಎಷ್ಟಿದೆ ಎಂದು ನೋಡುತ್ತಾರೆ. ಅಂದರೆ ಬಾಲ ಕಟ್ಟಿಸಿಕೊಂಡು ಹೊರಟು ನಿಂತದ್ದನ್ನೂ ಒಳಗೆ ಬಂದವರ ಪಟ್ಟಿಗೆ ಸೇರಿಸುತ್ತಾರೆ. ಬಾಲವಿಲ್ಲದ, ಬಿಡಿ ಕರ್ಕ್ಯುಮಿನ್ ಎಷ್ಟು ಎಂದು ಕೇಳಿದರೆ ಅಂಕಿ ತಟ್ಟನೆ ಕುಗ್ಗುತ್ತದೆ. ಬಾಲ ಹೊತ್ತ ಕರ್ಕ್ಯುಮಿನ್ ಕೋಶದೊಳಗೆ ನುಗ್ಗುವುದೂ ಕೆಲಸ ಮಾಡುವುದೂ ಕಡಿಮೆ ಎಂದೇ ಬಹಳ ಪ್ರಯೋಗಗಳು ಹೇಳುತ್ತವೆ. ಯಾರಾದರೂ ನಿಮಗೆ "ಇಷ್ಟು ಪಟ್ಟು" ಎಂದು ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಬಿಡಿಯದ್ದೋ, ಒಟ್ಟಿನದ್ದೋ?

ರಕ್ತದಲ್ಲಿ ಹೆಚ್ಚಿತು ಅನ್ನೋಣ. ರೋಗಿಗೆ ಏನಾಯಿತು?

ಅಲ್ಜೈಮರ್ ಕಾಯಿಲೆಯವರಿಗೆ ದಿನಕ್ಕೆ ಎರಡು ಅಥವಾ ನಾಲ್ಕು ಗ್ರಾಂ ಮಾಮೂಲಿ ಕರ್ಕ್ಯುಮಿನ್ ಅನ್ನು 24 ವಾರ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆ 2012ರಲ್ಲಿ ಬಂತು. ಪ್ರಯೋಜನ ಕಾಣಲಿಲ್ಲ, ರಕ್ತದಲ್ಲಿ ಅದರ ಮಟ್ಟವೂ ತೀರ ಕಡಿಮೆ. 2018ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅದೇ ದಿಂಡುಗದ ಅಂಟಿನ ಕಣವನ್ನು ದಿನಕ್ಕೆ ಎರಡು ಸಲ 90 ಮಿಲಿಗ್ರಾಂನಂತೆ ಹದಿನೆಂಟು ತಿಂಗಳು ಕೊಟ್ಟರು, ಮರೆವಿನ ಕಾಯಿಲೆ ಇಲ್ಲದ 40 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ. ನೆನಪಿನ ಪರೀಕ್ಷೆಯಲ್ಲಿ ಔಷಧಿಯಿಲ್ಲದ ಹುಸಿ ಮಾತ್ರೆ ತಿಂದವರಿಗಿಂತ ಇವರು ಚೆನ್ನಾಗಿ ಮಾಡಿದರು. ಎರಡನ್ನೂ ಪಕ್ಕದಲ್ಲಿಟ್ಟು "ನ್ಯಾನೋ ಗೆದ್ದಿತು" ಎನ್ನಲು ಮನಸ್ಸು ತುಡಿಯುತ್ತದೆ. ತಡೆಯಿರಿ. ಒಂದರಲ್ಲಿ ರೋಗಿಗಳು, ಇನ್ನೊಂದರಲ್ಲಿ ಆ ಕಾಯಿಲೆ ಇಲ್ಲದವರು. 40 ಜನ ಅಂದರೆ ಎರಡು ಗುಂಪು ಮಾಡಿದರೆ ಒಂದೊಂದರಲ್ಲಿ ಇಪ್ಪತ್ತರ ಆಸುಪಾಸು. ದೊಡ್ಡ ಪರೀಕ್ಷೆ ಮಾಡಲು ಧೈರ್ಯ ಕೊಡುವ ಫಲಿತಾಂಶ ಅದು, ಮಾತ್ರೆ ಮಾರಲು ಪರವಾನಗಿಯಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿ ನನಗೆ ಬಹಳ ಇಷ್ಟ. ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳು ಹುಣ್ಣಾಗುವ ಕಾಯಿಲೆ. 2015ರಲ್ಲಿ ಇಸ್ರೇಲಿನ ವೈದ್ಯರ ಮುಂದಾಳತ್ವದಲ್ಲಿ 50 ರೋಗಿಗಳಿಗೆ ಮಾಮೂಲಿ ಔಷಧಿ ಮೆಸಲಮೈನ್ ಜೊತೆ ದಿನಕ್ಕೆ ಮೂರು ಗ್ರಾಂ ಕರ್ಕ್ಯುಮಿನ್ ಅಥವಾ ಹುಸಿ ಮಾತ್ರೆ ಕೊಟ್ಟರು. ಒಂದು ತಿಂಗಳಲ್ಲಿ ಕರ್ಕ್ಯುಮಿನ್ ಗುಂಪಿನ 26 ಜನರಲ್ಲಿ 14 ಮಂದಿಗೆ ಕಾಯಿಲೆ ಹತೋಟಿಗೆ ಬಂತು. ಹುಸಿ ಮಾತ್ರೆಯ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಇಲ್ಲಿ ಬಳಸಿದ್ದು ನ್ಯಾನೋ ಅಲ್ಲ. ಬೇಕಾಗಿಯೂ ಇರಲಿಲ್ಲ, ಏಕೆಂದರೆ ಹುಣ್ಣು ಕರುಳಿನಲ್ಲೇ ಇದೆ. ರಕ್ತಕ್ಕೆ ಹೋಗದೆ ಕರುಳಿನಲ್ಲೇ ಉಳಿಯುವುದನ್ನು ನಾವು ದೋಷ ಅಂದೆವು. ಈ ರೋಗಿಗೆ ಅದೇ ಗುಣ. ನ್ಯಾನೋ ಮಾಡಿ ಮೇಲಿನ ಕರುಳಿನಲ್ಲೇ ಹೀರಿಸಿಬಿಟ್ಟಿದ್ದರೆ ದೊಡ್ಡ ಕರುಳಿಗೆ ತಲುಪುತ್ತಿದ್ದುದೆಷ್ಟು?

2017ರಲ್ಲಿ ಅಮೆರಿಕದ ಔಷಧ ರಸಾಯನ ವಿಜ್ಞಾನಿಗಳ ಒಂದು ಗುಂಪು ಕರ್ಕ್ಯುಮಿನ್ ಬಗ್ಗೆ ಭಾರಿ ಖಾರವಾದ ವಿಮರ್ಶೆ ಬರೆಯಿತು. ಈ ಅಣು ಪ್ರಯೋಗಾಲಯದಲ್ಲಿ ಎಲ್ಲದಕ್ಕೂ ಅಂಟಿಕೊಂಡು, ತಾನೇ ಹೊಳೆದು, ಸುಳ್ಳು ಸುಳ್ಳೇ ಫಲಿತಾಂಶ ತೋರಿಸುತ್ತದೆ. 120ಕ್ಕೂ ಹೆಚ್ಚು ಪರೀಕ್ಷೆಗಳಾದರೂ ಕಟ್ಟುನಿಟ್ಟಿನ ಒಂದೂ ಗೆದ್ದಿಲ್ಲ ಎಂದರು. ಮೊದಲ ಮಾತು ನಿಜ, ನಮ್ಮ ಕ್ಷೇತ್ರದವರು ಕನ್ನಡಿ ನೋಡಿಕೊಳ್ಳುವಂತೆ ಮಾಡಿತು. ಎರಡನೆಯದು ಸ್ವಲ್ಪ ಹೆಚ್ಚಾಯಿತು ಎಂದು ನನಗೆ ಅನ್ನಿಸುತ್ತದೆ. ಈಗಷ್ಟೇ ಹೇಳಿದ ಕರುಳಿನ ಪರೀಕ್ಷೆ ಅವರಿಗೂ ಮೊದಲೇ ಬಂದಿತ್ತು.

ಇನ್ನು ಅಪಾಯದ ಮಾತು. "ಅರಿಶಿನ ತಾನೇ, ಏನಾಗುತ್ತೆ?" ಅಡುಗೆಯ ಅರಿಶಿನಕ್ಕೆ ನಾನೂ ಹಾಗೇ ಹೇಳುತ್ತೇನೆ. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕ ಮಾತ್ರೆ ತಿಂದವರಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಲಿವರ್ ಊದಿಕೊಂಡ ಪ್ರಕರಣಗಳು ವರದಿಯಾದವು. 2022ರಲ್ಲಿ ಅಮೆರಿಕದ ಔಷಧಿ ಹಾನಿ ದಾಖಲೆ ಜಾಲದವರು ಹತ್ತು ಪ್ರಕರಣ ವಿವರಿಸಿದರು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರ ವಂಶವಾಹಿಯಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಒಂದೇ ಗುರುತು ಇತ್ತು. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಹೊರಡಿಸಿದಾಗ ಹೀರಿಕೆ ಹೆಚ್ಚಿಸಿದ ಉತ್ಪನ್ನಗಳನ್ನು ಬಿಡಿಸಿ ಹೆಸರಿಸಿದರು. ತಿನ್ನುವ ಕೋಟ್ಯಂತರ ಜನರ ಎದುರು ಈ ಸಂಖ್ಯೆ ಅತಿ ಚಿಕ್ಕದು, ಒಪ್ಪುತ್ತೇನೆ. ಆದರೆ ಸಾವಿರಾರು ವರ್ಷ ತಿಂದದ್ದರ ಅನುಭವ ನಮಗಿರುವುದು ಕಾವಲು ದಾಟದ ಅರಿಶಿನದ ಬಗ್ಗೆ. ದಾಟಿಸಿದ ಅರಿಶಿನದ ಅನುಭವ ಕೆಲವೇ ದಶಕಗಳದ್ದು. ಅಜ್ಜಿಯ ಹೆಸರು ಹೇಳಿ ಇದನ್ನು ಮಾರುವುದು ಅಜ್ಜಿಗೆ ಮಾಡುವ ಅನ್ಯಾಯ.

ಹೊದಿಕೆಯೂ ಮುಗ್ಧವಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮಹಿಳೆ ಕರ್ಕ್ಯುಮಿನ್ ದ್ರಾವಣವನ್ನು ನೇರ ರಕ್ತನಾಳಕ್ಕೆ ಹಾಕಿಸಿಕೊಂಡ ಮೇಲೆ ತೀವ್ರ ಅಲರ್ಜಿಯಿಂದ ಸತ್ತರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನಿಖೆ ಮಾಡಿದಾಗ ಸೀಸೆಯಲ್ಲಿ ಚೀಟಿಯಲ್ಲಿ ಬರೆದಷ್ಟು ಕರ್ಕ್ಯುಮಿನ್ ಇರಲೇ ಇಲ್ಲ. ಇದ್ದದ್ದು ಅದನ್ನು ಕರಗಿಸಲು ಹಾಕಿದ ಹರಳೆಣ್ಣೆ ಮೂಲದ ವಸ್ತು, ಅದೂ ಔಷಧ ದರ್ಜೆಯದ್ದಲ್ಲ, ಕಲಬೆರಕೆ ಬೇರೆ.

ನ್ಯಾನೋ ಅಂದರೆ ಸಂಶಯವೇ ಎಂದು ತಿಳಿಯಬೇಡಿ. ಪೆಸಿಫಿಕ್ ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ನೋಡಿ, ಕ್ಯಾನ್ಸರ್ ಔಷಧಿ. ಅದೂ ನೀರಿನಲ್ಲಿ ಕರಗದು. ಮೊದಲು ಹರಳೆಣ್ಣೆಯಿಂದ ಮಾಡಿದ ದ್ರಾವಕದಲ್ಲೇ ಕೊಡುತ್ತಿದ್ದರು, ಅಲರ್ಜಿ ದೊಡ್ಡ ತಲೆನೋವಾಗಿತ್ತು. ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿನಿಂದ ಹೊದಿಸಿ ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದ ರೂಪಕ್ಕೆ 2005ರಲ್ಲಿ ಅನುಮತಿ ಸಿಕ್ಕಿತು. ಅಲ್ಲಿ ಅದನ್ನು ಮೊದಲ ದಿನದಿಂದ ಔಷಧಿ ಎಂದೇ ನಡೆಸಿಕೊಂಡರು: ಪ್ರಮಾಣ, ಅಡ್ಡಪರಿಣಾಮ, ರೋಗಿಗಳ ಮೇಲಿನ ಪರೀಕ್ಷೆ, ಎಲ್ಲ. ನಮ್ಮಲ್ಲೂ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ತಂದಿದೆ. ಪೂರಕ ಆಹಾರವೆಂದು ಹೆಸರು ಹಚ್ಚಿದ ಡಬ್ಬಿ ಮಾತ್ರ ಆ ಬಾಗಿಲಿನಿಂದ ಒಳಗೆ ಬರಬೇಕಾಗಿಲ್ಲ.

ಪ್ರಶ್ನೆಗಳಿಗೆ ಬರೋಣ.

ಗುಂಡ್ಲುಪೇಟೆ ಕಡೆಯ ಯಜಮಾನರೊಬ್ಬರು ಕೇಳಿದರು: "ಸಾರ್, ನಾವು ಮೂವತ್ತು ವರ್ಷದಿಂದ ಅರಿಶಿನ ಬೆಳೀತಾ ಇದೀವಿ. ನೀವು ಹೇಳೋದು ನೋಡಿದ್ರೆ ಕರ್ಕ್ಯುಮಿನ್ ಜಾಸ್ತಿ ಇರೋ ತಳಿ ಹಾಕಿದ್ರೂ ತಿನ್ನೋರಿಗೆ ಲಾಭ ಇಲ್ವಾ?"

ತಿನ್ನುವವರಿಗೆ ಬಣ್ಣ ಬಿಟ್ಟರೆ ದೊಡ್ಡ ವ್ಯತ್ಯಾಸ ಇಲ್ಲ, ಯಜಮಾನರೇ. ಸಾರ ತೆಗೆಯುವ ಕಾರ್ಖಾನೆಗೆ ಲಾಭ. ಅವರು ನಿಮ್ಮಿಂದ ಕೊಳ್ಳುವುದು ನೂರಕ್ಕೆ ಮೂರು ಭಾಗವನ್ನು. ಅದು ನಾಲ್ಕಾದರೆ ನಿಮಗೆ ಎಷ್ಟು ಹೆಚ್ಚು ಕೊಡುತ್ತಾರೆ ಎಂದು ಮೊದಲೇ ಬಾಯಿಬಿಟ್ಟು ಕೇಳಿ, ಆಮೇಲೆ ತಳಿ ಬದಲಾಯಿಸಿ.

ಒಬ್ಬರು ತಾಯಿ: "ಮಗೂಗೆ ಕೆಮ್ಮು ಬಂದ್ರೆ ಅರಿಶಿನದ ಹಾಲು ಕೊಡ್ತೀನಿ. ಅದೂ ದಂಡವಾ?"

ಇಲ್ಲಮ್ಮ, ಕೊಡಿ. ಗಂಟಲಿಗೆ ಬಿಸಿ ಹಾಲೇ ಹಿತ, ಅದು ರಕ್ತಕ್ಕೆ ಹೋಗಿ ಬರಬೇಕಾಗಿಲ್ಲ. ಇನ್ನೊಂದು ವಿಷಯ ಹೇಳಲು ಮರೆತಿದ್ದೆ, ನೀವು ನೆನಪಿಸಿದಿರಿ. ಹಾಲಿನಲ್ಲಿ ಕೇಸಿನ್ ಪ್ರೋಟೀನು ಇರುವುದೇ ನೂರೈವತ್ತು ನ್ಯಾನೋಮೀಟರ್ ಆಸುಪಾಸಿನ ಸಣ್ಣ ಉಂಡೆಗಳಾಗಿ. ಹಾಲು ಬೆಳ್ಳಗೆ ಕಾಣುವುದಕ್ಕೆ ಅವೂ ಕಾರಣ. ಆ ಉಂಡೆಯ ಒಳಗಿನ ಎಣ್ಣೆಪ್ರಿಯ ಜಾಗಕ್ಕೆ ಕರ್ಕ್ಯುಮಿನ್ ಹೋಗಿ ಕೂರುತ್ತದೆ ಎಂದು ತೋರಿಸಿದ್ದಾರೆ. ಸೀರಂ ಜೊತೆ ಇದ್ದರೆ ಒಡೆಯದೆ ಬಾಳಿತು ಅಂದೆನಲ್ಲ, ಅದೇ ರೀತಿಯ ಆಸರೆ. ಪ್ರಮಾಣ ಸಣ್ಣದು, ಔಷಧಿ ಅನ್ನಲಾರೆ. ಆದರೆ ನಾವು ಲ್ಯಾಬಿನಲ್ಲಿ ವರ್ಷಗಟ್ಟಲೆ ಹೆಣಗಿ ಮಾಡುವ ದೋಣಿಯ ಒಂದು ಮಾದರಿ ನಿಮ್ಮ ಹಾಲಿನ ಪಾತ್ರೆಯಲ್ಲಿದೆ.

ಕೊನೆಯಲ್ಲಿ ಪಿಯುಸಿ ಹುಡುಗಿಯೊಬ್ಬಳು ಎದ್ದು ನಿಂತಳು. ಪ್ರಶ್ನೆ ಕೇಳಲಿಲ್ಲ, ಮೇಜಿನ ಕಡೆ ಬೆರಳು ತೋರಿಸಿ, "ಸರ್, ಮೂರನೇ ಲೋಟ" ಎಂದಳು. ಎಲ್ಲರೂ ತಿರುಗಿ ನೋಡಿದೆವು. ಶುರುವಿನಲ್ಲಿ ಆರತಿಗೆ ಇಡುವಷ್ಟು ಕೆಂಪಾಗಿದ್ದ ಓಕುಳಿ ಮಂಕಾಗಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಎಣ್ಣೆಯ ಲೋಟ ಹಾಕಿದಾಗ ಹೇಗಿತ್ತೋ ಹಾಗೇ ಇತ್ತು.